ಗಾಣಿಗಿತ್ತಿ ಬಸದಿಯ ಶುಕ್ರವಾರ: ಶಾಸನಗಳ ಕಾಲನಿರ್ಣಯದಲ್ಲಿ ಚಂದ್ರ ಮತ್ತು ಗ್ರಹಗಳು

ಹೊಸಪೇಟೆಯಿಂದ ಹಂಪಿಯನ್ನು ನೋಡಲು ಬಂದವರಲ್ಲಿ ಹೆಚ್ಚಿನವರು ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೊರಳುವ ದಾರಿಯನ್ನು ಹಿಡಿಯುವುದಿಲ್ಲ. ಆ ದಾರಿಯ ಮಗ್ಗುಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಶಿಖರವುಳ್ಳ ಜಿನಾಲಯವೊಂದಿದೆ. ಜನರ ಬಾಯಲ್ಲಿ ಅದು ಗಾಣಿಗಿತ್ತಿ ಗುಡಿ. ಎದುರಿನ ಎತ್ತರದ ಕಂಬದ ಮೇಲೆ 28 ಸಂಸ್ಕೃತ ಶ್ಲೋಕಗಳ ಶಾಸನವಿದೆ. 2ನೆಯ ಹರಿಹರನ ದಂಡನಾಯಕನೂ ಚೈಚ ದಂಡನಾಥನ ಮಗನೂ ಆದ ಇರುಗಪ್ಪನು 17ನೆಯ ತೀರ್ಥಂಕರ ಕುಂಥುನಾಥನಿಗೆ ಈ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಇರುಗಪ್ಪನು ಸಿಂಹನಂದಿ ಮುನಿಗಳ ಶಿಷ್ಯ. 'ನಾನಾರ್ಥರತ್ನಮಾಲೆ' ಎಂಬ ಸಂಸ್ಕೃತ ನಿಘಂಟಿನ ಕರ್ತೃ. ಹುಲ್ಟ್ಶ್ ಅವರು 1890ರಲ್ಲಿ ಈ ಶಾಸನವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಅದರ ಗುರುಪರಂಪರೆ, ಬಲಾತ್ಕಾರಗಣ, ಸರಸ್ವತೀಗಚ್ಛಗಳ ವಿಷಯ ಸಾಕಷ್ಟು ಚರ್ಚೆಯಾಗಿದೆ. ಅದರ ಕಾಲೋಲ್ಲೇಖವನ್ನು ಮಾತ್ರ ನಾವು 'ಕ್ರಿ.ಶ. 1386' ಎಂದು ಆವರಣದೊಳಗೆ ಬರೆದು ಮುಂದೆ ಸಾಗುತ್ತೇವೆ.

ಶಾಸನ ಹೇಳುವುದು ಅದಕ್ಕಿಂತ ಹೆಚ್ಚು: ಶಕವರ್ಷ 1307, ಕ್ರೋಧನ ಸಂವತ್ಸರ, ಫಾಲ್ಗುಣ ಮಾಸ, ಕೃಷ್ಣಪಕ್ಷದ ದ್ವಿತೀಯಾ, ಶುಕ್ರವಾರ. ಇವುಗಳಲ್ಲಿ ಶಕವರ್ಷದ ಅಂಕಿಯೊಂದನ್ನು ಬಿಟ್ಟರೆ ಉಳಿದೆಲ್ಲವೂ ಆಕಾಶದ ಕಾಯಗಳಿಗೆ ಸಂಬಂಧಿಸಿದವು. ಸಂವತ್ಸರ ಗುರುವಿನದು, ಮಾಸ, ಪಕ್ಷ, ತಿಥಿಗಳು ಸೂರ್ಯಚಂದ್ರರವು, ವಾರ ಶುಕ್ರನದು. ಶಾಸನವನ್ನು ಬರೆಯಿಸಿದವನು ಅಳಿದ ಮೇಲೂ ಈ ಸಾಕ್ಷಿಗಳು ಉಳಿದಿವೆ. ಇವನ್ನು ಇಂದಿಗೂ ವಿಚಾರಣೆಗೆ ಕರೆಯಬಹುದು. ಹೀಗೆ ಕರೆದಾಗ ಶಾಸನದ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ, ಜೈನ ಪರಂಪರೆಯ ಲೋಕವಿವರಣೆಗೂ ಜೈನರೇ ನೆಟ್ಟ ಈ ಕಂಬಕ್ಕೂ ಇರುವ ಸಂಬಂಧವೇನು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಿದೆ.

ಸಂವತ್ಸರ ಮತ್ತು ವಾರ

ಗುರುಗ್ರಹವು ರಾಶಿಚಕ್ರವನ್ನು ಒಮ್ಮೆ ಸುತ್ತಲು 11.86 ವರ್ಷ ಬೇಕು. ಶನಿಗೆ ಸುಮಾರು 29.5 ವರ್ಷ. ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತು ಎರಡೂ 60 ವರ್ಷಕ್ಕೆ ತುಸು ಮೊದಲೇ ಮುಗಿಯುತ್ತವೆ. 60 ಸಂವತ್ಸರಗಳ ಚಕ್ರಕ್ಕೆ ಆಧಾರ ಗುರುವಿನ ಈ ಗತಿ. ಗುರು ಒಂದು ರಾಶಿಯನ್ನು ದಾಟುವ ಅವಧಿ ಸುಮಾರು 361 ದಿನ. ಅದು ಸೌರವರ್ಷಕ್ಕಿಂತ ನಾಲ್ಕು ದಿನ ಕಡಿಮೆಯಾದುದರಿಂದ 85 ವರ್ಷಗಳಿಗೊಮ್ಮೆ ಒಂದು ಸಂವತ್ಸರ ಹೆಚ್ಚಾಗುತ್ತದೆ. ಉತ್ತರಭಾರತದ ಪದ್ಧತಿಯಲ್ಲಿ ಆಗ ಒಂದು ಹೆಸರನ್ನು ಕೈಬಿಡುತ್ತಾರೆ. ದಕ್ಷಿಣದಲ್ಲಿ ಈ ಲೋಪವನ್ನು ನಿಲ್ಲಿಸಿ ವರ್ಷಕ್ಕೊಂದು ಹೆಸರೆಂದು ಎಣಿಸುತ್ತ ಬಂದರು. ಹೀಗಾಗಿ ನಮ್ಮ ಸಂವತ್ಸರಗಳಲ್ಲಿ ಗುರುವಿನ ಹೆಸರು ಉಳಿದಿದೆ, ಗತಿ ಉಳಿದಿಲ್ಲ.

ಇದರಿಂದ ಶಾಸನಾಭ್ಯಾಸಿಗೆ ಒಂದು ಅನುಕೂಲವಾಗಿದೆ. ಶಕವರ್ಷಕ್ಕೆ 12ನ್ನು ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ. 1307ಕ್ಕೆ 12 ಸೇರಿದರೆ 1319. 60ರಿಂದ ಭಾಗಿಸಿದರೆ ಶೇಷ 59. 59ನೆಯ ಸಂವತ್ಸರ ಕ್ರೋಧನ. ಗಾಣಿಗಿತ್ತಿ ಕಂಬದ ಮೊದಲ ಸಾಕ್ಷಿ ಸರಿಯಾಗಿ ನುಡಿಯುತ್ತದೆ. ಹಂಪಿಯ ಪಾನ್‌ಸುಪಾರಿ ಬೀದಿಯಲ್ಲಿ 2ನೆಯ ದೇವರಾಯನು ಪಾರ್ಶ್ವನಾಥನಿಗೆ ಕಟ್ಟಿಸಿದ ಚೈತ್ಯಾಲಯದ ಶಾಸನದಲ್ಲಿ ಶಕ 1348, ಪರಾಭವ ಎಂದಿದೆ. ಅಲ್ಲಿ ಶೇಷ 40, 40ನೆಯದು ಪರಾಭವವೇ.

ವಾರದ ಕಥೆ ಬೇರೆ. ಬರಿಗಣ್ಣಿಗೆ ಚಲಿಸುವಂತೆ ಕಾಣುವ ಏಳು ಕಾಯಗಳನ್ನು ಪ್ರಾಚೀನರು ನಿಧಾನಗತಿಯಿಂದ ಶೀಘ್ರಗತಿಯ ಕಡೆಗೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಜೋಡಿಸಿದರು. ಇಂದಿನ ಗಣನೆಯಲ್ಲಿ ಕುಜನ ಸುತ್ತಿಗೆ 687 ದಿನ, ಶುಕ್ರನಿಗೆ 225, ಬುಧನಿಗೆ 88. ನಕ್ಷತ್ರಗಳ ನಡುವೆ ಚಂದ್ರನ ಸುತ್ತಿಗೆ 27.3 ದಿನ. ಅಹೋರಾತ್ರಿಯ 24 ಹೋರೆಗಳನ್ನು ಈ ಕ್ರಮದಲ್ಲಿ ಒಬ್ಬೊಬ್ಬರಿಗೆ ಹಂಚುತ್ತ ಹೋದರೆ ಮೂರು ಆವರ್ತನಗಳಲ್ಲಿ 21 ಹೋರೆ ಮುಗಿದು ಮೂರು ಉಳಿಯುತ್ತವೆ. ಆದ್ದರಿಂದ ಮರುದಿನದ ಸೂರ್ಯೋದಯದ ಹೋರೆ ಮೂರು ಸ್ಥಾನ ಮುಂದಿನವನದು. ಶನಿಯಿಂದ ರವಿ, ರವಿಯಿಂದ ಚಂದ್ರ, ಚಂದ್ರನಿಂದ ಕುಜ: ವಾರಗಳ ಕ್ರಮ ಹುಟ್ಟಿದ್ದು ಹೀಗೆ. 'ಹೋರಾ' ಎಂಬುದು ಗ್ರೀಕರಿಂದ ಬಂದ ಪದ. ಭಾರತದ ಶಾಸನಗಳಲ್ಲಿ ವಾರದ ಹೆಸರು ದೊರೆಯುವ ಮೊದಲ ನಿದರ್ಶನಗಳಲ್ಲಿ ಕ್ರಿ.ಶ. 484ರ ಏರಣ್ ಶಾಸನ ಒಂದು. ಈ ಏಳರ ಎಣಿಕೆ ಅಲ್ಲಿಂದ ಇಲ್ಲಿಯವರೆಗೆ ಕಡಿದಿಲ್ಲ. ಅರಸರು ಬದಲಾದರೂ ಶಕೆಗಳು ಬದಲಾದರೂ ಶುಕ್ರವಾರದ ಮರುದಿನ ಶನಿವಾರವೇ ಬಂದಿದೆ. ಕಾಲನಿರ್ಣಯದಲ್ಲಿ ವಾರಕ್ಕೆ ಇಷ್ಟು ಬೆಲೆ ಬಂದಿರುವುದು ಈ ಅಖಂಡತೆಯಿಂದ.

ಗ್ರಹಗಳ ಹೆಸರುಗಳೂ ನೋಡಿದ ಕಣ್ಣುಗಳಿಂದಲೇ ಹುಟ್ಟಿದವು. ಮೆಲ್ಲಗೆ ನಡೆಯುವವನು ಶನೈಶ್ಚರ. ಕೆಂಪು ಮೈಯವನು ಲೋಹಿತಾಂಗ, ಅಂದರೆ ಕುಜ. ಸಂಡೂರಿನ ಬೆಟ್ಟಗಳನ್ನು ಕಂಡವರಿಗೆ ಆ ಬಣ್ಣದ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ. ಅಲ್ಲಿಯ ಅದಿರಿನ ಮಣ್ಣು ಕೆಂಪಾಗಿರುವುದು ಕಬ್ಬಿಣವು ಆಮ್ಲಜನಕದೊಡನೆ ಕೂಡಿದ್ದರಿಂದ. ಮಂಗಳಗ್ರಹದ ಧೂಳು ಕೆಂಪಾಗಿರುವುದೂ ಕಬ್ಬಿಣದ ಆಕ್ಸೈಡಿನಿಂದಲೇ.

ತಿಥಿ: ಚಂದ್ರನ ಸಾಕ್ಷಿ

ಚಂದ್ರನು ಸೂರ್ಯನಿಂದ 12 ಅಂಶ ದೂರ ಸರಿಯುವ ಅವಧಿಯೇ ತಿಥಿ. ಅಂತಹ 30 ತಿಥಿಗಳಿಗೆ ಒಂದು ಚಾಂದ್ರಮಾಸ. ಅದರ ಸರಾಸರಿ ಅವಧಿ 29.53 ದಿನ. ಚಂದ್ರನ ಗತಿ ಸಮವಾಗಿಲ್ಲ. ಅವನು ಭೂಮಿಗೆ ಸುಮಾರು 3,63,000 ಕಿಲೋಮೀಟರಿನಷ್ಟು ಹತ್ತಿರ ಬಂದಾಗ ವೇಗವಾಗಿಯೂ 4,05,000 ಕಿಲೋಮೀಟರಿನಷ್ಟು ದೂರ ಹೋದಾಗ ನಿಧಾನವಾಗಿಯೂ ಚಲಿಸುತ್ತಾನೆ. ಆದ್ದರಿಂದ ಒಂದು ತಿಥಿ 19 ಗಂಟೆಗಳಷ್ಟು ಕಿರಿದಾಗಬಹುದು, 26 ಗಂಟೆಗಳನ್ನು ಮೀರಿ ಹಿರಿದಾಗಬಹುದು. ಕ್ಷಯತಿಥಿ, ವೃದ್ಧಿತಿಥಿಗಳು ಬರುವುದು ಈ ಕಾರಣದಿಂದ. ತಿಥಿಗೂ ವಾರಕ್ಕೂ ಯಾವ ನಿಯತ ಸಂಬಂಧವಿಲ್ಲದಿರುವುದೇ ನಮಗೆ ಉಪಕಾರವಾಗಿದೆ: ಊಹೆಯಿಂದ ಬರೆದ ತಿಥಿ ಮತ್ತು ವಾರ ಆಕಸ್ಮಿಕವಾಗಿ ಹೊಂದುವ ಸಂಭವ ಸುಮಾರು ಏಳರಲ್ಲಿ ಒಂದು ಪಾಲು ಮಾತ್ರ.

ಇದನ್ನು ಎರಡು ಶಾಸನಗಳಿಂದ ಪರೀಕ್ಷಿಸೋಣ. ಜೈನರಿಗೂ ವೈಷ್ಣವರಿಗೂ ಉಂಟಾದ ವಿವಾದವನ್ನು ಬುಕ್ಕರಾಯನು ತೀರ್ಮಾನಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಒಪ್ಪಿಸಿದ ಶ್ರವಣಬೆಳಗೊಳದ ಶಾಸನ ಎಲ್ಲರಿಗೂ ತಿಳಿದದ್ದು. ಅದರ ಕಾಲ ಶಕ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ. ಅಂದರೆ ಅಂದಿನ ಜೂಲಿಯನ್ ಪಂಚಾಂಗದ 1368 ಆಗಸ್ಟ್ 24. ಗಾಣಿಗಿತ್ತಿ ಕಂಬದ ದಿನ 1386 ಫೆಬ್ರವರಿ 16. ಇವೆರಡರ ನಡುವೆ 6,385 ದಿನಗಳಿವೆ. 7ರಿಂದ ಭಾಗಿಸಿದರೆ 912 ವಾರಗಳು ಕಳೆದು ಒಂದು ದಿನ ಉಳಿಯುತ್ತದೆ. ಗುರುವಾರದ ಮೇಲೆ ಒಂದು ದಿನವೆಂದರೆ ಶುಕ್ರವಾರ.

ಈಗ ಚಂದ್ರನ ಲೆಕ್ಕ. 6,385 ದಿನಗಳಲ್ಲಿ 216 ಚಾಂದ್ರಮಾಸಗಳು ಮುಗಿದು ಸುಮಾರು 6.4 ದಿನ ಉಳಿಯುತ್ತದೆ. ಅದು ಸರಾಸರಿ ಆರೂವರೆ ತಿಥಿ. ಶುದ್ಧ ದಶಮಿಯಿಂದ ಮುಂದೆ ಏಳನೆಯದು ಕೃಷ್ಣ ದ್ವಿತೀಯಾ. ತಿಥಿ ಹಿರಿದು ಕಿರಿದಾಗುವುದನ್ನೂ ಸೂರ್ಯೋದಯದ ಹೊತ್ತಿಗೆ ಅದು ಎಷ್ಟು ಕಳೆದಿರಬಹುದೆಂಬುದನ್ನೂ ಗಮನಿಸಿದರೆ ಅರ್ಧ ತಿಥಿಯ ಅಂತರ ಸಹಜ. ಮಾಸಗಳ ಲೆಕ್ಕವೂ ಕೂಡಿಬರುತ್ತದೆ. ಭಾದ್ರಪದದಿಂದ ಹದಿನೇಳೂವರೆ ವರ್ಷ ಮುಂದಿನ ಫಾಲ್ಗುಣಕ್ಕೆ 210 ಮಾಸ. 19 ವರ್ಷಗಳಿಗೆ 7 ಅಧಿಕಮಾಸಗಳೆಂಬ ಪ್ರಮಾಣದಲ್ಲಿ ಈ ಅವಧಿಗೆ ಆರು ಸೇರಿದರೆ ಸರಿಯಾಗಿ 216. ಒಂದು ಶಾಸನ ಅರಸನದು, ಇನ್ನೊಂದು ದಂಡನಾಯಕನದು. ಒಂದು ಬೆಳಗೊಳದ ಕನ್ನಡ, ಇನ್ನೊಂದು ಹಂಪಿಯ ಸಂಸ್ಕೃತ. ಒಂದನ್ನೊಂದು ಅರಿಯದ ಈ ಎರಡು ಬರಹಗಳು ಹದಿನೇಳೂವರೆ ವರ್ಷಗಳ ಅಂತರದಲ್ಲಿ ಪರಸ್ಪರ ಸಾಕ್ಷಿಯಾಗಿ ನಿಲ್ಲುತ್ತವೆ.

ಬರಹ ತಪ್ಪಿದಲ್ಲಿ ಚಂದ್ರ ತಿದ್ದಿದ ಪ್ರಸಂಗಗಳು

ಎಲ್ಲ ಉಲ್ಲೇಖಗಳೂ ಹೀಗೆ ಕೂಡಿಬರುವುದಿಲ್ಲ. ವಿರೂಪಾಕ್ಷ ದೇವಾಲಯದಲ್ಲಿರುವ ಕೃಷ್ಣದೇವರಾಯನ ಪಟ್ಟಾಭಿಷೇಕಕ್ಕೆ ಸಂಬಂಧಿಸಿದ ಶಾಸನವು ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ ಚತುರ್ದಶಿ ಎನ್ನುತ್ತದೆ. ಮೇಲಿನ ಸೂತ್ರವನ್ನು ಅನ್ವಯಿಸಿದರೆ 1430ಕ್ಕೆ ಬರುವುದು ವಿಭವ. ಶುಕ್ಲ ಬರುವುದು 1431ಕ್ಕೆ. ಇಂತಹ ಸಂದರ್ಭದಲ್ಲಿ ವಿದ್ವಾಂಸರು ಸಾಮಾನ್ಯವಾಗಿ ಸಂವತ್ಸರವನ್ನು ನಂಬುತ್ತಾರೆ. ಅಂಕಿಯನ್ನು ಬರೆಯುವಾಗ ಕೈ ತಪ್ಪಬಹುದು, ಗತವರ್ಷ ವರ್ತಮಾನವರ್ಷಗಳ ಎಣಿಕೆಯಲ್ಲಿ ಒಂದು ಹೆಚ್ಚು ಕಡಿಮೆಯಾಗಬಹುದು. ನಡೆಯುತ್ತಿರುವ ಸಂವತ್ಸರದ ಹೆಸರು ಮಾತ್ರ ದಿನದಿನವೂ ಸಂಕಲ್ಪದಲ್ಲಿ ಬಾಯಿಗೆ ಬರುವಂಥದು. ಆದ್ದರಿಂದಲೇ ಈ ಶಾಸನದ ದಿನವನ್ನು 1510ರ ಜನವರಿ ತಿಂಗಳಲ್ಲಿ ಇಡುತ್ತಾರೆ.

ಇದಕ್ಕಿಂತ ಸ್ವಾರಸ್ಯವಾದದ್ದು ರಾಯಚೂರಿನ ಯುದ್ಧದ ಪ್ರಶ್ನೆ. ಪೋರ್ತುಗೀಸ ಬರಹಗಾರ ನೂನಿಜ್ ಆ ಯುದ್ಧ 1522ರ ಮೇ ತಿಂಗಳ ಅಮಾವಾಸ್ಯೆಯ ಶನಿವಾರ ನಡೆಯಿತೆಂದು ಬರೆದಿದ್ದಾನೆ. ವಿಜಯನಗರದ ಇತಿಹಾಸವನ್ನು 1900ರಲ್ಲಿ ಹೊರತಂದ ರಾಬರ್ಟ್ ಸಿವೆಲ್ ಅವರು ಅದಕ್ಕೆ ನಾಲ್ಕು ವರ್ಷ ಮೊದಲು ಶಂಕರ ಬಾಲಕೃಷ್ಣ ದೀಕ್ಷಿತರೊಡನೆ ಭಾರತೀಯ ಪಂಚಾಂಗದ ಕೋಷ್ಟಕಗಳನ್ನು ಸಿದ್ಧಪಡಿಸಿದ್ದರು. ಹಂಪಿಯ ಇತಿಹಾಸಕಾರನೂ ಪಂಚಾಂಗದ ಗಣಕನೂ ಒಬ್ಬನೇ ಆಗಿದ್ದುದು ನಮ್ಮ ಭಾಗ್ಯ. 1522ರ ಮೇ ತಿಂಗಳ ಅಮಾವಾಸ್ಯೆ 25ರ ಭಾನುವಾರ ಬರುತ್ತದೆ, ಶನಿವಾರವಲ್ಲ. 1520ರಲ್ಲಾದರೆ ಅಮಾವಾಸ್ಯೆ ಮೇ 17ರ ಗುರುವಾರ; 19ನೆಯ ದಿನ ಶನಿವಾರ, ಎಳೆಯ ಚಂದ್ರ ಪಡುವಣದಲ್ಲಿ ಕಣ್ಣಿಗೆ ಬೀಳುವ ಹೊತ್ತು. ಪಯಸನ ಬರಹವೂ ಇದಕ್ಕೆ ಬೆಂಬಲವಾಗಿದೆ. ತಾನು ಕಂಡ ಮಹಾನವಮಿ ಸೆಪ್ಟೆಂಬರ್ 12ರಂದು ಮೊದಲಾಯಿತೆಂದೂ, ಅಕ್ಟೋಬರ್ 12ರಂದು ಹೊಸ ಚಂದ್ರನೊಡನೆ ಹೊಸ ವರ್ಷದ ಹಬ್ಬ ನಡೆಯಿತೆಂದೂ, ಇಲ್ಲಿಯವರು ತಿಂಗಳನ್ನು ಚಂದ್ರನಿಂದ ಚಂದ್ರನಿಗೆ ಎಣಿಸುವರೆಂದೂ ಅವನು ಹೇಳುತ್ತಾನೆ. ಮೇ 17ರಿಂದ ನಾಲ್ಕು ಚಾಂದ್ರಮಾಸ, ಅಂದರೆ 118 ದಿನ ಮುಂದೆ ಎಣಿಸಿದರೆ 1520ರ ಸೆಪ್ಟೆಂಬರ್ 12 ಬರುತ್ತದೆ. ಹೀಗೆ ಸಿವೆಲ್ ಅವರು ಯುದ್ಧವನ್ನು 1520 ಮೇ 19ಕ್ಕೆ ಹಿಂದಿಟ್ಟರು. ಇಂದು ನಮ್ಮ ಪಠ್ಯಗಳೆಲ್ಲ ಒಪ್ಪಿರುವ ವರ್ಷ ಅದು. ಕಣ್ಣಾರೆ ಕಂಡ ಪಯಸ್, ಕೇಳಿ ಬರೆದ ನೂನಿಜ್, ಇಬ್ಬರ ನಡುವೆ ತೀರ್ಪು ಕೊಟ್ಟವನು ಚಂದ್ರ.

ಕೂಟಶಾಸನಗಳ ಪರೀಕ್ಷೆಯಲ್ಲಿಯೂ ಇದೇ ಸಾಕ್ಷಿ ಒದಗುತ್ತದೆ. ಶಿವಮೊಗ್ಗ ಸೀಮೆಯ ಗೌಜ ಅಗ್ರಹಾರದ ತಾಮ್ರಪಟಗಳು ಪರೀಕ್ಷಿತನ ಮಗ ಜನಮೇಜಯನ ಹೆಸರಿನಲ್ಲಿವೆ. ಅವುಗಳಲ್ಲಿ ಉಕ್ತವಾದ ಸೂರ್ಯಗ್ರಹಣವನ್ನು ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ಗಣಿಸಿ, 1521 ಏಪ್ರಿಲ್ 7ರ ಭಾನುವಾರದ ಗ್ರಹಣಕ್ಕೆ ಹೊಂದಿಸಿದರು. ಆ ದಿನವನ್ನು ಎಲ್ಲರೂ ಒಪ್ಪದಿದ್ದರೂ ತಾಮ್ರಪಟಗಳು ಮಹಾಭಾರತದ ಕಾಲದವಲ್ಲ ಎಂಬುದರಲ್ಲಿ ವಿವಾದ ಉಳಿಯಲಿಲ್ಲ. ಇದಕ್ಕೆ ಎದುರಾದ ಉದಾಹರಣೆ ಪಟ್ಟದಕಲ್ಲಿನ ಕಂಬ. ಅಲ್ಲಿಯ ಶ್ರಾವಣ ಅಮಾವಾಸ್ಯೆಯ ಸೂರ್ಯಗ್ರಹಣವು 754 ಜೂನ್ 25ರ ಗ್ರಹಣವೆಂದು ಗೊತ್ತಾದಾಗ ಚಾಲುಕ್ಯ 2ನೆಯ ಕೀರ್ತಿವರ್ಮನ ಆಳಿಕೆಯ ಕಾಲಕ್ಕೆ ಭದ್ರವಾದ ಆಧಾರ ದೊರೆಯಿತು. ಕರ್ನಾಟಕದ ಶಾಸನಗಳಲ್ಲಿರುವ ಇಂತಹ ಖಗೋಳ ಉಲ್ಲೇಖಗಳನ್ನು ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಅವರು ಸಂಗ್ರಹಿಸಿ ಗ್ರಂಥರೂಪಕ್ಕೆ ತಂದಿದ್ದಾರೆ. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಅವಶ್ಯವಾಗಿ ನೋಡಬೇಕು.

ಆಗಮದ ಎರಡು ಚಂದ್ರರು

ಈಗ ಎರಡನೆಯ ಪ್ರಶ್ನೆ. ಇರುಗಪ್ಪ ಶ್ರಾವಕ, ಅವನ ಗುರುಗಳು ಅಧ್ಯಯನ ಮಾಡಿದ ಕರಣಾನುಯೋಗದ ಗ್ರಂಥಗಳಲ್ಲಿ ಜಂಬೂದ್ವೀಪಕ್ಕೆ ಎರಡು ಸೂರ್ಯರು, ಎರಡು ಚಂದ್ರರು. ಒಂದು ದಿನ ಕಂಡ ಸೂರ್ಯ ಮರುದಿನ ಕಾಣುವವನಲ್ಲ. ಇಬ್ಬರೂ ಮೇರುವನ್ನು ಎದುರುಬದುರಾಗಿ ಪ್ರದಕ್ಷಿಣೆ ಮಾಡುತ್ತಾರೆ. ಲವಣಸಮುದ್ರದ ಮೇಲೆ ನಾಲ್ವರು, ಧಾತಕೀಖಂಡದಲ್ಲಿ ಹನ್ನೆರಡು ಮಂದಿ ಹೀಗೆ ಸಂಖ್ಯೆ ಬೆಳೆಯುತ್ತದೆ. ಚಿತ್ರಾಭೂಮಿಯಿಂದ 790 ಯೋಜನ ಮೇಲೆ ತಾರೆಗಳು, 800ರಲ್ಲಿ ಸೂರ್ಯ, 880ರಲ್ಲಿ ಚಂದ್ರ, ಅದಕ್ಕೂ ಮೇಲೆ ನಕ್ಷತ್ರಗಳು, ಬುಧ, ಶುಕ್ರ, ಗುರು, ಮಂಗಳ, ಕೊನೆಗೆ 900ರಲ್ಲಿ ಶನಿ. 'ತಿಲೋಯಪಣ್ಣತ್ತಿ'ಯಲ್ಲಿಯೂ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ 'ತ್ರಿಲೋಕಸಾರ'ದಲ್ಲಿಯೂ ಈ ಜ್ಯೋತಿರ್ಲೋಕದ ವರ್ಣನೆ ವಿಸ್ತಾರವಾಗಿದೆ. ಚಂದ್ರ ಸೂರ್ಯನಿಗಿಂತ ಮೇಲಿರುವ ಈ ವ್ಯವಸ್ಥೆಯಲ್ಲಿ ಅವನು ಸೂರ್ಯನನ್ನು ಮರೆಮಾಡಲಾರ. ಗ್ರಹಣಕ್ಕೆ ಕೆಳಗೆ ಚಲಿಸುವ ಬೇರೆ ವಿಮಾನಗಳು ಬೇಕಾಗುತ್ತವೆ.

ಗಾಣಿಗಿತ್ತಿ ಕಂಬದ ತಿಥಿ ಈ ಗಣನೆಯಿಂದ ಬಂದದ್ದೇ? ಪರೀಕ್ಷಿಸಲು ಸಾಧ್ಯವಿದೆ. 'ಸೂರ್ಯಪ್ರಜ್ಞಪ್ತಿ'ಯ ಐದು ವರ್ಷಗಳ ಯುಗದಲ್ಲಿ 1,830 ದಿನಗಳೂ 62 ಚಾಂದ್ರಮಾಸಗಳೂ ಇವೆ. ಅದರಂತೆ ಒಂದು ಮಾಸ 29.516 ದಿನ, ನಿಜವಾದ ಸರಾಸರಿಗಿಂತ ಸುಮಾರು 21 ನಿಮಿಷ ಕಡಿಮೆ. ಆ ಪ್ರಾಚೀನ ಕಾಲಕ್ಕೆ ಇದು ಮೆಚ್ಚಬೇಕಾದ ಸೂಕ್ಷ್ಮತೆ. ಆದರೂ 216 ಮಾಸಗಳಲ್ಲಿ ಈ ನಿಮಿಷಗಳು ಕೂಡಿ ಮೂರು ದಿನವನ್ನು ಮೀರುತ್ತವೆ. ಬುಕ್ಕರಾಯನ ದಶಮಿಯಿಂದ ಈ ಪ್ರಮಾಣದಲ್ಲಿ ಎಣಿಸುತ್ತ ಬಂದಿದ್ದರೆ ಇರುಗಪ್ಪನ ಕಂಬದ ಮೇಲೆ ಕೃಷ್ಣ ಪಂಚಮಿ ಇರಬೇಕಾಗಿತ್ತು. ಇರುವುದು ದ್ವಿತೀಯಾ. ಅಂದರೆ ಮಾಸಕ್ಕೆ 29.5306 ದಿನವನ್ನು ಕೊಡುವ 'ಸೂರ್ಯಸಿದ್ಧಾಂತ'ದಂತಹ ಸಿದ್ಧಾಂತಗ್ರಂಥಗಳ ಪಂಚಾಂಗವನ್ನೇ, ಒಬ್ಬನೇ ಚಂದ್ರನ ಪಂಚಾಂಗವನ್ನೇ, ಈ ಜೈನ ದಂಡನಾಯಕನು ತನ್ನ ಜಿನಾಲಯಕ್ಕೂ ಬಳಸಿದ್ದಾನೆ. ಹಗಲಿನ ಪ್ರಮಾಣವೂ ಇದೇ ಮಾತನ್ನು ಹೇಳುತ್ತದೆ. ಆಗಮದಲ್ಲಿ ಅತಿ ದೀರ್ಘವಾದ ಹಗಲು 18 ಮುಹೂರ್ತ, ಅಂದರೆ 14 ಗಂಟೆ 24 ನಿಮಿಷ. ಉತ್ತರದ ದೂರ ಸೀಮೆಗೆ ಅದು ಒಪ್ಪುತ್ತದೆ. ಹಂಪಿಯಲ್ಲಿ ಅತಿ ದೀರ್ಘ ಹಗಲು ಸುಮಾರು 13 ಗಂಟೆ.

ಇದರಲ್ಲಿ ಅವರಿಗೆ ವಿರೋಧವೇನೂ ಕಂಡಂತಿಲ್ಲ. ಜೈನದರ್ಶನವೇ ಕಾಲವನ್ನು ಪರಮಾರ್ಥಕಾಲ, ವ್ಯವಹಾರಕಾಲ ಎಂದು ಎರಡಾಗಿ ನೋಡಿತ್ತು. ಮೊದಲನೆಯದು ದ್ರವ್ಯ, ಎರಡನೆಯದು ಗತಿಯಿಂದ ಅಳೆಯುವಂಥದು. ಜ್ಯೋತಿಷ್ಕರ ನಿರಂತರ ಗತಿಯಿಂದಲೇ ಕಾಲದ ವಿಭಾಗಗಳಾಗುತ್ತವೆ ಎಂದು ಉಮಾಸ್ವಾತಿ 'ತತ್ತ್ವಾರ್ಥಸೂತ್ರ'ದ 4ನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅಳತೆ ಗತಿಯದಾದ ಮೇಲೆ ಗತಿಯನ್ನು ಯಾರು ಸರಿಯಾಗಿ ಅಳೆದರೋ ಅವರ ಲೆಕ್ಕವನ್ನು ಸ್ವೀಕರಿಸುವುದು ಸಹಜ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ಸೂರ್ಯಾದಿಗಳ ಚಾರ, ಗ್ರಹಣ, ಗ್ರಹಸಂಯೋಗಗಳಿಗೆಲ್ಲ ಗಣಿತವೇ ಸಾಧನವೆಂದು ಸಾರಿದರು. ಕಂಪ್ಲಿಯಲ್ಲಿ ಅರಮನೆಯನ್ನು ಹೊಂದಿದ್ದ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಆಳಿಕೆಯಲ್ಲಿ, 1049ರಲ್ಲಿ, ಜೈನಕವಿ ಶ್ರೀಧರಾಚಾರ್ಯನು ಕನ್ನಡದ ಮೊದಲ ಜ್ಯೋತಿಷಗ್ರಂಥ 'ಜಾತಕತಿಲಕ'ವನ್ನು ಬರೆದನು. ಹೀಗೆ ಕನ್ನಡ ನಾಡಿನ ಜೈನರು ಲೋಕವಿವರಣೆಯನ್ನು ಧ್ಯಾನಕ್ಕೂ ಪಂಚಾಂಗವನ್ನು ವ್ಯವಹಾರಕ್ಕೂ ಇಟ್ಟುಕೊಂಡರು. ಒಂದರಿಂದ ಇನ್ನೊಂದನ್ನು ಸಾಧಿಸಲು ಹೋಗಲಿಲ್ಲ.

ಇಂದು ಆಗಮದ ಯೋಜನಗಳನ್ನು ಆಧುನಿಕ ವಿಜ್ಞಾನದ ಅಳತೆಗಳಿಗೆ ಬಲವಂತವಾಗಿ ಹೊಂದಿಸುವ ಬರಹಗಳು ಆಗಾಗ ಕಾಣುತ್ತವೆ. ಚಂದ್ರನು ನಮ್ಮಿಂದ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ. ಸೂರ್ಯ ಅದರ ಸುಮಾರು 390 ಪಟ್ಟು ದೂರದಲ್ಲಿದ್ದಾನೆ. ಇದನ್ನು 880 ಮತ್ತು 800 ಯೋಜನಗಳಿಂದ ಹೊರಡಿಸಲು ಯಾವ ವ್ಯಾಖ್ಯಾನವೂ ಸಾಲದು. ಸಾಲಬೇಕೆಂದು ಪೂರ್ವಾಚಾರ್ಯರೂ ಕೇಳಿಲ್ಲ. ಅಂತಹ ಸಮರ್ಥನೆಯಿಂದ ಆಗಮಕ್ಕೆ ಗೌರವ ಹೆಚ್ಚುವುದಿಲ್ಲ. ಇರುಗಪ್ಪನಂತಹ ಶ್ರಾವಕರ ವಿವೇಕ ಮಾತ್ರ ಮರೆಯಾಗುತ್ತದೆ.

ಸಂಶೋಧಕ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಶಾಸನವನ್ನು ಉದ್ಧರಿಸುವಾಗ ಇಸವಿಯನ್ನು ಮಾತ್ರ ಉಳಿಸಿಕೊಂಡು ಸಂವತ್ಸರ, ಪಕ್ಷ, ತಿಥಿ, ವಾರಗಳನ್ನು ಕೈಬಿಡಬೇಡಿ. ಇಸವಿ ನಮ್ಮ ತೀರ್ಮಾನ, ಉಳಿದವು ಸಾಕ್ಷ್ಯ. ಸಾಕ್ಷ್ಯವನ್ನು ಬಿಟ್ಟು ತೀರ್ಮಾನವನ್ನಷ್ಟೇ ದಾಟಿಸಿದರೆ ಮುಂದಿನವರಿಗೆ ತಿದ್ದುವ ದಾರಿಯೇ ಇಲ್ಲವಾಗುತ್ತದೆ.

ಸೂರ್ಯಚಂದ್ರರಿರುವ ತನಕ ವೈಷ್ಣವರು ಜೈನದರ್ಶನವನ್ನು ರಕ್ಷಿಸತಕ್ಕದ್ದೆಂದು ಬುಕ್ಕರಾಯನ ಶಾಸನ ವಿಧಿಸಿತು. ಆ ಚಂದ್ರನೂ ನಿಂತಲ್ಲಿ ನಿಂತವನಲ್ಲ. ಅವನ ಮೇಲೆ ಇರಿಸಿದ ಪ್ರತಿಫಲಕಗಳಿಗೆ ಲೇಸರ್ ಕಿರಣ ಹಾಯಿಸಿ ಅಳೆದವರು ಅವನು ವರ್ಷಕ್ಕೆ 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿದ್ದಾನೆಂದು ತೋರಿಸಿದ್ದಾರೆ. ಇರುಗಪ್ಪನು ಕಂಬ ನೆಡಿಸಿದ ಶುಕ್ರವಾರದಿಂದ ಇಂದಿಗೆ ಆ ದೂರ ಸುಮಾರು 24 ಮೀಟರು ಹೆಚ್ಚಿದೆ. ತಿಥಿಯ ಲೆಕ್ಕ ಮಾತ್ರ ಅಂದಿನಂತೆಯೇ ಕೂಡಿಬರುತ್ತಿದೆ.